ಹಳೇ ಬಿಲ್ಲು ಕೊಳ್ಳೋಕೆ ಹೋಗ್ತೀರಾ? ಜೇಬಲ್ಲಿ ಸ್ವಲ್ಪ ಹತ್ತಿ ಇರಲಿ

ಕೈಮಗ್ಗಕ್ಕೂ ಕೂದಲಿನ ವ್ಯಾಪಾರಕ್ಕೂ ಹೆಸರಾದ ಕೊಪ್ಪಳದ ಭಾಗ್ಯನಗರ ನಮ್ಮೂರು. ಇಲ್ಲಿ ಬಿಲ್ಲು ಹಿಡಿದು ಹೊರಟರೆ, "ಏನಪಾ, ಆನೆಗೊಂದಿಗೆ ವಾಲಿನ್ನ ಹೊಡ್ಯಾಕ ಹೊಂಟೀಯೇನು?" ಅಂತಾರೆ.

ಅವ್ವ ಮಗ್ಗದ ಕೂಲಿಯಲ್ಲಿ ಉಳಿಸಿಕೊಟ್ಟ ದುಡ್ಡಲ್ಲಿ ಹಳೇ ರಿಕರ್ವ್ ಬಿಲ್ಲು ತಗೊಂಡೆ. ಮಾರಿದವರು ಬಾಣ ಇಲ್ಲದೆ ಹೆದೆ ಎಳೆದು ಬಿಟ್ಟು, ಧಾರಾವಾಹಿಯಲ್ಲಿ ಬರೋ ಹಾಗೆ ಠೇಂಕಾರ ಕೇಳಿಸಿದ್ರು. ಮರುಳಾದೆ. ಹಾಗೆ ಬಿಟ್ಟಾಗ ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿನ ಲಿಂಬ್‌ಗಳಿಗೇ ವಾಪಸ್ ಬಡಿಯುತ್ತೆ. ಅದೂ 40 ಪೌಂಡಿನ ಬಿಲ್ಲು. ಮೂರೇ ವಾರಕ್ಕೆ ಭುಜ ಹಿಡ್ಕೊಂಡ್ತು, ತಿಂಗಳಲ್ಲಿ ಲಿಂಬ್ ಸೀಳ್ತು. ಅವ್ವ ಬೈಯಲಿಲ್ಲ. ಅದೇ ಹೆಚ್ಚು ನೋವಾಯ್ತು.

ಈಗ ಕೇಳಿ. ಲಿಂಬ್ ಮೇಲೆ ಬರೆದಿರೋ ಪೌಂಡ್ ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಲೆಕ್ಕ. ಹೊಸದಾಗಿ ಕಲಿಯೋ ದೊಡ್ಡವರಿಗೆ 20ರಿಂದ 25 ಸಾಕು. ಹತ್ತಿ ತುಣುಕನ್ನ ಲಿಂಬ್ ಅಂಚಿಗೆ ಸವರಿ. ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಸೀಳೋ ಬಿರುಕೋ ಇರಬಹುದು. ಹೆದೆ ಏರಿಸಿ ತುದಿಯಿಂದ ನೋಡಿ. ಅದು ಲಿಂಬ್‌ಗಳ ನಟ್ಟನಡುವೆ ಹಾಯದಿದ್ರೆ ಲಿಂಬ್ ತಿರುಚಿರಬಹುದು, ಬಿಟ್ಟುಬಿಡಿ. ಹೆದೆ ಮಾತ್ರ ಹಳೇದಾಗಿದ್ರೆ ಚಿಂತೆ ಬೇಡ, ಬದಲಾಯಿಸಬಹುದು. ಬಿಚ್ಚಿ ಜೋಡಿಸೋ ಟೇಕ್‌ಡೌನ್ ಬಿಲ್ಲಾದ್ರೆ ಇನ್ನೂ ಒಳ್ಳೇದು: ಬಲ ಬಂದ ಹಾಗೆ ಲಿಂಬ್ ಮಾತ್ರ ಬದಲಿಸಿದ್ರಾಯ್ತು.

ನನ್ನ ಎರಡನೇ ಬಿಲ್ಲು 24 ಪೌಂಡಿಂದು. ಅದನ್ನ ನೋಡೋಕೆ ಹೊರಟಾಗ ಅವ್ವಾನೇ ಕೈಗೆ ಹತ್ತಿ ಇಟ್ಟಳು. ಇವತ್ತಿಗೂ ಗಟ್ಟಿಯಾಗಿದೆ.