ಮೊಮೊ ಗಾಡಿಯಿಂದ ಕಾಠ್ಮಂಡುವರೆಗೆ: ವ್ಯಾಪಾರ ಕೊರತೆ ಅಂದ್ರೆ ಸೋಲಾ?

ಬೆಂಗಳೂರಲ್ಲಿ ನಮ್ಮ ಬೀದಿ ಕೊನೆಗೆ ಒಂದು ಮೊಮೊ ಗಾಡಿ ಇದೆ. ನಡೆಸೋ ಹುಡುಗ ನೇಪಾಳದವನು. ಮೊನ್ನೆ ಪ್ಲೇಟ್ ಕೈಗಿಡುತ್ತಾ, 'ಅಣ್ಣಾ, ಈ ವಾರ ಊರಿಗೆ ದುಡ್ಡು ಕಳಿಸ್ಬೇಕು' ಅಂದ. ಇವತ್ತಿನ ವಿಷಯಕ್ಕೂ ಆ ದುಡ್ಡಿಗೂ ನೇರ ಸಂಬಂಧ ಇದೆ. ವಿಷಯ: ವ್ಯಾಪಾರ ಕೊರತೆ.

ಒಂದು ದೇಶ ಮಾರೋದಕ್ಕಿಂತ ಹೆಚ್ಚು ಕೊಂಡರೆ, ಆ ವ್ಯತ್ಯಾಸವೇ ಕೊರತೆ. ನೇಪಾಳದ ವಿದೇಶಿ ವ್ಯಾಪಾರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಭಾರತದ ಜೊತೆಗೇ. ಪೆಟ್ರೋಲ್, ಅಡುಗೆ ಗ್ಯಾಸ್, ವಾಹನ, ಔಷಧಿ ಇಲ್ಲಿಂದ ಹೋಗುತ್ತೆ. 2019ರಿಂದ ಬಿಹಾರದ ಮೋತಿಹಾರಿಯಿಂದ ಡೀಸೆಲ್ ಪೈಪ್‌ಲೈನಲ್ಲೇ ಹರಿಯುತ್ತಿದೆ. ಅಲ್ಲಿಂದ ಬರೋದು ಏಲಕ್ಕಿ, ಚಹಾ, ಮಳೆಗಾಲದಲ್ಲಿ ಜಲವಿದ್ಯುತ್. ಜೊತೆಗೆ ಸೋಯಾ ಎಣ್ಣೆ. ಇದು ಸ್ವಲ್ಪ ತಮಾಷೆ. ಕಚ್ಚಾ ಎಣ್ಣೆಯನ್ನು ಬೇರೆ ದೇಶಗಳಿಂದ ತರಿಸಿ, ನೇಪಾಳದಲ್ಲಿ ಶುದ್ಧೀಕರಿಸಿ, ಸುಂಕ ವಿನಾಯಿತಿಯಲ್ಲಿ ಭಾರತಕ್ಕೆ ಮಾರ್ತಾರೆ. 2024ರ ಸೆಪ್ಟೆಂಬರಲ್ಲಿ ಭಾರತ ಖಾದ್ಯತೈಲದ ಆಮದು ಸುಂಕ ಏರಿಸಿದ ಮೇಲಂತೂ ಈ ವ್ಯಾಪಾರ ಜೋರಾಯ್ತು. ರಫ್ತಿನ ಅಂಕಿ ಏರಿದ್ರೂ ಅಲ್ಲಿನ ರೈತನಿಗೆ ಸಿಗೋದು ಅಷ್ಟಕ್ಕಷ್ಟೇ.

ಹಾಗಾದ್ರೆ ಇಷ್ಟೆಲ್ಲ ಕೊಳ್ಳೋಕೆ ದುಡ್ಡು ಎಲ್ಲಿಂದ?

ಸಾಮಾನ್ಯವಾಗಿ ಕೊರತೆ ಹೆಚ್ಚಾದ್ರೆ ಕರೆನ್ಸಿ ಬೆಲೆ ಇಳಿಯುತ್ತೆ, ಆಮದು ದುಬಾರಿಯಾಗಿ ತಾನೇ ಕಡಿಮೆಯಾಗುತ್ತೆ. ನೇಪಾಳದಲ್ಲಿ ಭಾರತದ ವಿಷಯಕ್ಕೆ ಹಾಗಾಗಲ್ಲ. ಯಾಕಂದ್ರೆ 1993ರಿಂದ ನಮ್ಮ 1 ರೂಪಾಯಿಗೆ ಅವರ 1.60 ರೂಪಾಯಿ ಅಂತ ದರ ಕಟ್ಟಿಹಾಕಿದ್ದಾರೆ. ಅದನ್ನು ಉಳಿಸಿಕೊಂಡಿರೋದು ಹೊರಗೆ ದುಡಿಯೋ ಮಕ್ಕಳು. ಕತಾರ್, ಮಲೇಷ್ಯಾ, ಭಾರತ ಹೀಗೆ ಎಲ್ಲೆಲ್ಲಿಂದಲೋ ಅವರು ಕಳಿಸೋ ಹಣ ದೇಶದ ಜಿಡಿಪಿಯ ಸುಮಾರು ಕಾಲು ಭಾಗ. ಕೊಲ್ಲಿಯಲ್ಲಿ ದುಡಿದ ಡಾಲರನ್ನು ಅಲ್ಲಿನ ಕೇಂದ್ರೀಯ ಬ್ಯಾಂಕ್ ಮಾರಿ, ಭಾರತದ ರೂಪಾಯಿ ಕೊಂಡು, ನಮ್ಮ ಸರಕಿನ ಬಿಲ್ ಕಟ್ಟುತ್ತೆ.

ಈ ಏರ್ಪಾಡು ಎಷ್ಟು ನಾಜೂಕು ಅನ್ನೋದು 2022ರಲ್ಲಿ ಗೊತ್ತಾಯ್ತು. ವಿದೇಶಿ ವಿನಿಮಯ ಕರಗತೊಡಗಿದಾಗ ಸರ್ಕಾರ ಕಾರು, ಮದ್ಯ, 600 ಡಾಲರ್‌ಗಿಂತ ದುಬಾರಿ ಮೊಬೈಲ್ ಆಮದನ್ನೇ ನಿಲ್ಲಿಸ್ತು. ನಿಮ್ಮ ಕೈಯಲ್ಲಿರೋ ಫೋನ್ ಇದ್ದಕ್ಕಿದ್ದಂತೆ ನಿಷೇಧಿತ ಸರಕಾದ್ರೆ ಹೇಗಿರುತ್ತೆ, ಯೋಚಿಸಿ.

2015 ಇನ್ನೂ ಕಠಿಣ. ಭೂಕಂಪದ ಗಾಯ ಆರಿರಲಿಲ್ಲ. ಹೊಸ ಸಂವಿಧಾನದ ವಿರುದ್ಧ ತರಾಯ್‌ನಲ್ಲಿ ಪ್ರತಿಭಟನೆ, ಗಡಿಯಲ್ಲಿ ಲಾರಿಗಳು ನಿಂತವು. ಭಾರತವೇ ತಡೆದಿದೆ ಅಂತ ನೇಪಾಳ, ಇಲ್ಲ ಅಂತ ಭಾರತ. ತಿಂಗಳುಗಟ್ಟಲೆ ಗ್ಯಾಸ್ ಇಲ್ಲದೆ ಕಾಠ್ಮಂಡುವಿನ ಜನ ಸೌದೆ ಒಲೆ ಹಚ್ಚಿದರು.

ಅದಕ್ಕೇ ನಾನು ಹೇಳೋದು, ಕೊರತೆ ಇದೆ ಅಂದ ಮಾತ್ರಕ್ಕೆ ಸೋತಂತಲ್ಲ. ನಾನೂ ದಿನಸಿ ಅಂಗಡಿಯವರಿಂದ ಕೊಳ್ತೀನಿ, ಅವರು ನನ್ನಿಂದ ಏನೂ ಕೊಳ್ಳಲ್ಲ. ಕೇಳಬೇಕಾದ ಪ್ರಶ್ನೆ ಎರಡು. ಬಿಲ್ ಯಾರು ಕಟ್ತಾರೆ? ಈ ಅಂಗಡಿ ಮುಚ್ಚಿದ್ರೆ ಬೇರೆ ಅಂಗಡಿ ಇದೆಯಾ? 2024-25ರಲ್ಲಿ ಚೀನಾ ಜೊತೆ ನಮ್ಮ ಕೊರತೆ ಸುಮಾರು 9,900 ಕೋಟಿ ಡಾಲರ್. ಅಲ್ಲೂ ಇದೇ ಎರಡು ಪ್ರಶ್ನೆ ಕೇಳಿ ನೋಡಿ.

ಆ ಹುಡುಗ ಊರಿಗೆ ಹೋಗಿ ಮೂರು ವರ್ಷ ಆಯ್ತಂತೆ. ಬಿಲ್ ಕಟ್ತಿರೋರಲ್ಲಿ ಅವನೂ ಒಬ್ಬ.

ಮತ್ತೆ ಸಿಗೋಣ, ಮುಂದಿನ ವಾರ.