ಬಾಗಿಲ ಬೆನ್ನಿಗೆ ಎಷ್ಟು ಭಾರ?



ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಕಡೆಗೆ ಹೋದರೆ ರಸ್ತೆಯ ಬದಿಗೆ ಐದು ನಿಮಿಷ ನಿಂತು ನೋಡಿ. ಅಲ್ಲಿನ ಗೋದಾವರಿ ಸಕ್ಕರೆ ಕಾರ್ಖಾನೆಯತ್ತ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು, ನಡುನಡುವೆ ಚಕ್ಕಡಿಗಳು, ಅವುಗಳನ್ನು ಹಿಂದೆ ಹಾಕಲು ಹವಣಿಸುವ ಜೀಪು, ಟೆಂಪೋ, ವ್ಯಾನುಗಳು ಕಾಣುತ್ತವೆ. ಎಲ್ಲರ ಕಣ್ಣೂ ಕಬ್ಬಿನ ಹೊರೆಯ ಮೇಲೆಯೇ ಇರುತ್ತದೆ. ನಾನು ಇಂದು ನಿಮ್ಮ ಗಮನವನ್ನು ಸೆಳೆಯಬೇಕೆಂದಿರುವುದು ಈ ವಾಹನಗಳ ಹಿಂದಿನ ಬಾಗಿಲುಗಳತ್ತ. ಅವುಗಳಿಗೆ ನಾವು ಏನೇನು ನೇತುಹಾಕುತ್ತೇವೆ? ಸ್ಟೆಪ್ನಿ, ನೀರಿನ ಕ್ಯಾನು, ಏಣಿ, ಸೈಕಲ್ಲು, ಕೆಲವೊಮ್ಮೆ ಗ್ಯಾಸ್ ಸಿಲಿಂಡರು ಕೂಡ. ಪ್ರವಾಸಕ್ಕೆಂದು ವ್ಯಾನಿನೊಳಗೇ ಮಂಚ, ಒಲೆ ಅಳವಡಿಸಿಕೊಂಡ ಕ್ಯಾಂಪರ್ ವ್ಯಾನುಗಳದ್ದೂ, ಹೊರಾಂಗಣ ಚಿತ್ರೀಕರಣಕ್ಕೆ ಅಲೆಯುವ ನಮ್ಮಂಥವರ ವಾಹನಗಳದ್ದೂ ಇದೇ ಕಥೆ. ಒಳಗೆ ಜಾಗವಿಲ್ಲದ ಸಾಮಾನೆಲ್ಲ ಬಾಗಿಲ ಬೆನ್ನಿಗೆ ಏರುತ್ತದೆ. ಆ ಭಾರ ಕಳಚಿ ಬಿದ್ದರೆ ಬೀಳುವುದು ವಾಹನದ ಮೇಲಲ್ಲ, ಹಿಂದೆ ಬರುತ್ತಿರುವ ಮೋಟಾರ್‌ಸೈಕಲ್ ಸವಾರನ ಮೇಲೆ.

ಸ್ಟೆಪ್ನಿ ಎಂದೆನಲ್ಲ, ಆ ಪದದ ಹುಟ್ಟು ಸ್ವಾರಸ್ಯವಾಗಿದೆ. ಆರಂಭದ ಕಾಲದ ಮೋಟಾರುಗಳಿಗೆ ಬದಲಿ ಚಕ್ರವೇ ಇರುತ್ತಿರಲಿಲ್ಲ. ವೇಲ್ಸ್ ದೇಶದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಡೇವೀಸ್ ಸಹೋದರರು 1904ರಲ್ಲಿ ಬದಲಿ ಚಕ್ರವೊಂದನ್ನು ರೂಪಿಸಿದರು. ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಇಂಗ್ಲೆಂಡಿನವರು ಅದನ್ನು ಬಹುತೇಕ ಮರೆತರು, ನಮ್ಮ ಡ್ರೈವರುಗಳು ಮರೆಯಲಿಲ್ಲ!

ಈಗ ಬಾಗಿಲಿನ ಲೆಕ್ಕಕ್ಕೆ ಬರೋಣ. ಹಳೆಯ ಕಲ್ಲಿನ ಗುಡಿಗಳಲ್ಲಿ, ಕೋಟೆಗಳಲ್ಲಿ ಹೊಸ್ತಿಲ ಮೂಲೆಯಲ್ಲಿ ಒಂದು ದುಂಡನೆಯ ಗುಳಿಯನ್ನು ನೀವು ಕಂಡಿರಬಹುದು. ಬಾಗಿಲಿನ ಕೆಳತುದಿಯ ಗೂಟ ಆ ಗುಳಿಯಲ್ಲಿ ಕೂತು ತಿರುಗುತ್ತಿತ್ತು, ಮೇಲ್ತುದಿಯ ಗೂಟ ಮೇಲಿನ ಗುಳಿಯಲ್ಲಿ. ಬಾಗಿಲಿನ ಪೂರ್ಣ ಭಾರವನ್ನು ಹೊರುವುದು ಕೆಳಗಿನ ಗುಳಿ. ಮೇಲಿನದು ಬಾಗಿಲು ಮುಂದಕ್ಕೆ ವಾಲದಂತೆ ಹಿಡಿದಿಡುತ್ತದೆ, ಅಷ್ಟೇ. ಯಾರು ಯಾವ ಕೆಲಸ ಮಾಡಬೇಕೆಂಬುದು ಅಲ್ಲಿ ಸ್ಪಷ್ಟ. ನಮ್ಮ ವಾಹನದ ಎರಡು ಬಿಜಾಗರಿಗಳಲ್ಲಿ ಈ ಸ್ಪಷ್ಟತೆ ಇಲ್ಲ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಸಾಕು, ಇಡೀ ತೂಕ ಯಾವುದೋ ಒಂದರ ಮೇಲೆಯೇ ಕೂರುತ್ತದೆ. ಆದ್ದರಿಂದ ತಿಳಿದ ಎಂಜಿನಿಯರು ಪ್ರತಿಯೊಂದು ಬಿಜಾಗರಿಯೂ ಇಡೀ ಭಾರವನ್ನು ಒಂಟಿಯಾಗಿ ಹೊರುವಂತಿರಲಿ ಎಂದೇ ಲೆಕ್ಕ ಹಾಕುತ್ತಾನೆ.

ತೂಕಕ್ಕಿಂತ ತಂಟೆಯ ಸಂಗತಿ ವಾಲುವಿಕೆ. ತೆರೆದ ಬಾಗಿಲಿಗೆ 60 ಕಿಲೋ ಸಾಮಾನು ಕಟ್ಟಿದ್ದೀರಿ, ಅದರ ಗುರುತ್ವಕೇಂದ್ರ ಬಿಜಾಗರಿಯಿಂದ 60 ಸೆಂಟಿಮೀಟರು ದೂರದಲ್ಲಿದೆ ಎಂದುಕೊಳ್ಳಿ. ಭಾರವನ್ನು ದೂರದಿಂದ ಗುಣಿಸಿದರೆ ಬರುವ ತಿರುಗಿಸುವ ಪರಿಣಾಮವನ್ನು ಭೌತಶಾಸ್ತ್ರದಲ್ಲಿ ಮೊಮೆಂಟ್ ಎನ್ನುತ್ತೇವೆ. ಇದನ್ನು ತಡೆಯಲು ಮೇಲಿನ ಬಿಜಾಗರಿ ಬಾಗಿಲನ್ನು ತನ್ನತ್ತ ಎಳೆಯಬೇಕು, ಕೆಳಗಿನದು ದೂರ ತಳ್ಳಬೇಕು. ಎರಡು ಬಿಜಾಗರಿಗಳ ನಡುವಿನ ಅಂತರವೂ 60 ಸೆಂಟಿಮೀಟರೇ ಆದರೆ ಈ ಎಳೆತ 60 ಕಿಲೋಗ್ರಾಂ ಭಾರದಷ್ಟಾಗುತ್ತದೆ. ಎತ್ತರದ ವ್ಯಾನಿನ ಜೋಡಿ ಬಾಗಿಲುಗಳಲ್ಲಿ ಒಂದಕ್ಕೆ ಅದೇ 60 ಕಿಲೋ ಕಟ್ಟಿ. ಬಾಗಿಲು ಅಗಲ ಕಡಿಮೆ, ಆದ್ದರಿಂದ ದೂರ 40 ಸೆಂಟಿಮೀಟರು. ಬಿಜಾಗರಿಗಳ ಅಂತರ 120 ಸೆಂಟಿಮೀಟರು. 60ನ್ನು 40ರಿಂದ ಗುಣಿಸಿ 120ರಿಂದ ಭಾಗಿಸಿ. ಎಳೆತ ಕೇವಲ 20 ಕಿಲೋಗ್ರಾಂ ಭಾರ! ಸಾಮಾನು ಅದೇ, ಉಕ್ಕು ಅದೇ, ಆದರೆ ಶ್ರಮ ಮೂರರಲ್ಲಿ ಒಂದು ಪಾಲು. ಬಾಗಿಲು ಕಿರಿದಾಗಿ ಎತ್ತರವಾಗಿದ್ದಷ್ಟೂ, ಭಾರ ಬಿಜಾಗರಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಹಾಗಾದರೆ ಇಷ್ಟು ಸಣ್ಣ ಬಲಕ್ಕೆ ಬಾಗಿಲುಗಳು ಏಕೆ ಹರಿಯುತ್ತವೆ? ನಾವು ಮಾಡಿದ್ದು ನಿಂತ ವಾಹನದ ಲೆಕ್ಕ. ಓಡುವ ವಾಹನದ್ದು ಬೇರೆ. ಯಂತ್ರಶಾಸ್ತ್ರದಲ್ಲಿ ಒಂದು ಹಳೆಯ ಫಲಿತಾಂಶವಿದೆ: ಒಂದು ತೂಕವನ್ನು ಮೆಲ್ಲನೆ ಇಡುವ ಬದಲು ಥಟ್ಟನೆ ಕೈಬಿಟ್ಟರೆ ಆಧಾರದ ಮೇಲೆ ಅದರ ಪರಿಣಾಮ ಎರಡರಷ್ಟಾಗುತ್ತದೆ. ಎತ್ತರದಿಂದ ಬೀಳಿಸಿದರೆ ಇನ್ನೂ ಹೆಚ್ಚು. ಬೀಳುವ ಎತ್ತರದ ಇಮ್ಮಡಿಯನ್ನು ಆಧಾರ ಸಹಜವಾಗಿ ಬಾಗುವ ಪ್ರಮಾಣದಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆದು, ಮತ್ತೆ ಒಂದನ್ನು ಕೂಡಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ಸ್ಟೆಪ್ನಿಯ ತೂಕಕ್ಕೆ ಹಿಡಿಕೆ 1 ಮಿಲಿಮೀಟರು ಬಾಗುತ್ತದೆ, ಬೋಲ್ಟು ಸಡಿಲವಾಗಿ 4 ಮಿಲಿಮೀಟರು ಸಂದು ಬಿಟ್ಟಿದೆ ಎಂದಿಟ್ಟುಕೊಳ್ಳಿ. 8ಕ್ಕೆ 1 ಕೂಡಿಸಿದರೆ 9, ಅದರ ವರ್ಗಮೂಲ 3, ಇನ್ನೊಂದು 1 ಕೂಡಿಸಿದರೆ 4. ಸಂದಿನಷ್ಟು ಎತ್ತರದಿಂದ ಬಿದ್ದ ಒಂದೊಂದು ಸಲವೂ 25 ಕಿಲೋ ಚಕ್ರ 100 ಕಿಲೋದಂತೆ ಗುದ್ದುತ್ತದೆ. ಬಾಗಿಲಿನಿಂದ ಬರುವ ಲಟಲಟ ಸದ್ದನ್ನು ಎಷ್ಟೋ ಜನ ರೇಡಿಯೋ ಜೋರು ಮಾಡಿ ಮರೆಯುತ್ತಾರೆ. ಆ ಸದ್ದು ಈ ನಾಲ್ಕು ಪಟ್ಟಿನ ಸದ್ದು.

ಇನ್ನೊಂದು ಸಂಗತಿ. ಚಕ್ರ ಬಾಗಿಲಿಗೆ ಅಂಟಿಕೊಂಡಿರುವುದಿಲ್ಲ, ಹೊರಕ್ಕೆ ಚಾಚಿರುತ್ತದೆ. 60 ಕಿಲೋ ಸಾಮಾನಿನ ಕೇಂದ್ರ ಬಾಗಿಲಿನಿಂದ 20 ಸೆಂಟಿಮೀಟರು ಹೊರಗಿದೆ, ಹಿಡಿಕೆಯ ಮೇಲಿನ ಜೋಡಿ ಬೋಲ್ಟುಗಳಿಗೂ ಕೆಳಗಿನ ಜೋಡಿಗೂ 30 ಸೆಂಟಿಮೀಟರು ಅಂತರವಿದೆ ಎನ್ನಿ. ಮೇಲಿನ ಜೋಡಿಯನ್ನು 40 ಕಿಲೋ ಬಲ ಹೊರಕ್ಕೆ ಕೀಳುತ್ತಿರುತ್ತದೆ. ನಾಲ್ಕು ಪಟ್ಟು ಗುದ್ದಿದಾಗ 160 ಕಿಲೋ, ಅಂದರೆ ಒಂದೊಂದು ಬೋಲ್ಟಿಗೆ 80. ಬೋಲ್ಟಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಬೋಲ್ಟು ಕೂತಿರುವ ಬಾಗಿಲಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ತೆಳು. ಆ ಭಾಗದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಮಿಸ್ತ್ರಿಯೊಬ್ಬರು ನಮ್ಮ ಡ್ರೈವರಿಗೆ ಇದನ್ನೇ ಒಂದು ಮಾತಿನಲ್ಲಿ ಹೇಳಿದರು: “ಅಣ್ಣಾ, ಬೋಲ್ಟ್ ಹರಿಯಂಗಿಲ್ಲರೀ, ತಗಡ ಹರೀತದ.”

ಮಿಸ್ತ್ರಿಯ ಮಾತಿಗೆ ಗಣಿತದ ಬೆಂಬಲವೂ ಇದೆ. ಎಳೆಯಲ್ಪಟ್ಟ ತಗಡಿನಲ್ಲಿ ಒಂದು ದುಂಡು ತೂತಿದ್ದರೆ ತೂತಿನ ಅಂಚಿನಲ್ಲಿ ಪೀಡನ ಮೂರು ಪಟ್ಟು ಆಗುತ್ತದೆ ಎಂದು ಜರ್ಮನಿಯ ಕಿರ್ಶ್ 1898ರಲ್ಲಿ ತೋರಿಸಿಕೊಟ್ಟ. ಬಿರುಕು ಹುಟ್ಟುವುದು ಅಲ್ಲಿಯೇ. ಒಂದು ಸಲ ಹುಟ್ಟಿದ ಮೇಲೆ ಅದನ್ನು ಬೆಳೆಸಲು ದೊಡ್ಡ ಪೆಟ್ಟು ಬೇಕಾಗಿಲ್ಲ, ಸಣ್ಣ ಪೆಟ್ಟುಗಳು ಸಾಕು. ಇದಕ್ಕೆ ಲೋಹದ ದಣಿವು ಎಂದು ಹೆಸರು. 1842ರಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ದಿನನಿತ್ಯದ ಭಾರವನ್ನೇ ಹೊರುತ್ತಿದ್ದ ಅಚ್ಚು ಒಂದು ದಿನ ಮುರಿಯುವುದೇಕೆ ಎಂಬ ಪ್ರಶ್ನೆ ಎಂಜಿನಿಯರುಗಳನ್ನು ಕಾಡತೊಡಗಿತು. ಮುಂದೆ ಪ್ರಷ್ಯಾದ ರೈಲ್ವೆ ಎಂಜಿನಿಯರ್ ಔಗುಸ್ಟ್ ವೋಲರ್ ಉಕ್ಕಿನ ತುಂಡುಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಬಾಗಿಸಿ ಪರೀಕ್ಷಿಸಿದ. ಒಂದು ಮಿತಿಯೊಳಗಿನ ಪೀಡನವನ್ನು ಉಕ್ಕು ಎಷ್ಟು ಲಕ್ಷ ಸಲ ಬೇಕಾದರೂ ತಾಳುತ್ತದೆ, ಮಿತಿ ಮೀರಿದರೆ ಅದರ ಆಯುಷ್ಯ ಎಣಿಕೆಗೆ ಸಿಗುತ್ತದೆ ಎಂಬುದು ಅವನ ಶೋಧ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟವಾದ ಮಿತಿ ಇಲ್ಲ. ಹಗುರವೆಂದು ಅಲ್ಯೂಮಿನಿಯಂ ಹಿಡಿಕೆ ಹಾಕಿಸುವವರು ಇದನ್ನು ನೆನಪಿಡಬೇಕು.

ಸಮೀರವಾಡಿಯ ಸುತ್ತಿನ ನೆಲ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ, ಮೇಲಿನ ಡಾಂಬರೂ ಅದರೊಂದಿಗೆ ಏಳುತ್ತದೆ, ಬೀಳುತ್ತದೆ. ಆ ಮೇಲೆ ಕಬ್ಬಿನ ಟ್ರೇಲರುಗಳ ತುಳಿತ. ಇಂಥ ರಸ್ತೆಯಲ್ಲಿ ಹತ್ತು ಮೀಟರಿಗೊಂದು ಕುಲುಕಾಟ ಎಂದರೂ 40 ಕಿಲೋಮೀಟರಿಗೆ 4,000 ಆಯಿತು. ಇಪ್ಪತ್ತೈದು ಸಲ ಓಡಾಡಿದರೆ ಒಂದು ಲಕ್ಷ. ವೋಲರನ ಯಂತ್ರವನ್ನು ನಾವು ಬಾಗಿಲಿಗೇ ಕಟ್ಟಿಕೊಂಡು ತಿರುಗುತ್ತಿದ್ದೇವೆ.

ಬಾಗಿಲಿಗೆ ಸ್ಟೆಪ್ನಿ ಹಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 1985ರಲ್ಲಿ ರಸ್ತೆಗಿಳಿದ ಮಾರುತಿ ಜಿಪ್ಸಿಯಲ್ಲಿ, 2000ದಲ್ಲಿ ಬಂದ ಮಹೀಂದ್ರ ಬೊಲೆರೋದಲ್ಲಿ ಸ್ಟೆಪ್ನಿ ಹಿಂದಿನ ಬಾಗಿಲಿನ ಮೇಲೆಯೇ ಇದೆ. ಅಲ್ಲಿ ತಯಾರಕರೇ ಒಂದು ಚಕ್ರದ ಲೆಕ್ಕ ಹಾಕಿ ಬಾಗಿಲಿನ ಬಲವನ್ನು ಹೊಂದಿಸಿರುತ್ತಾರೆ. ಒಂದು ಚಕ್ರದ್ದು, ನೆನಪಿರಲಿ. ಅದರ ಮೇಲೊಂದು ಏಣಿ, ಪಕ್ಕಕ್ಕೆ ಎರಡು ಕ್ಯಾನುಗಳ ಲೆಕ್ಕ ಅಲ್ಲಿಲ್ಲ. ಸಾಮಾನು ಸಾಗಿಸುವ ವ್ಯಾನಿನ ಬಾಗಿಲುಗಳಾದರೋ ತಮ್ಮ ತೂಕವನ್ನು ತಾವು ಹೊತ್ತು, ಮುಚ್ಚಿ ತೆರೆಯಲು ಮಾಡಿದವು. ಅವುಗಳಿಗೆ ಭಾರ ಹೊರಿಸಲೇಬೇಕಾದರೆ ತಗಡಿನ ಹಿಂಬದಿಗೆ ಅಗಲವಾದ ಉಕ್ಕಿನ ಪಟ್ಟಿ ಕೊಟ್ಟು, ಬಾಗಿಲಿನ ಒಳಚೌಕಟ್ಟಿಗೆ, ಸಾಧ್ಯವಾದರೆ ಬಿಜಾಗರಿಗೇ ಭಾರ ತಲುಪುವಂತೆ ಹಿಡಿಕೆ ಕೂರಿಸಬೇಕು. ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಇದೆ: ಚಾಸಿಗೆ ಜೋಡಿಸಿದ ಪ್ರತ್ಯೇಕ ತೋಳು. ಸ್ಟೆಪ್ನಿ ಆ ತೋಳಿನ ಮೇಲೆ ಕೂರುತ್ತದೆ, ತೋಳು ಪಕ್ಕಕ್ಕೆ ತಿರುಗುತ್ತದೆ, ಬಾಗಿಲಿಗೆ ಭಾರವೇ ಇಲ್ಲ. ತುಸು ಖರ್ಚಿನ ಬಾಬತ್ತು ನಿಜ. ಗ್ಯಾಸ್ ಸಿಲಿಂಡರನ್ನಂತೂ ಬಾಗಿಲಿಗೆ ಕಟ್ಟಲೇಬಾರದು. ಮನೆಬಳಕೆಯ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಖಾಲಿ ಸಿಲಿಂಡರು ಹೆಚ್ಚುಕಡಿಮೆ ಅಷ್ಟೇ. ಮೂವತ್ತು ಕಿಲೋ ತೂಕ ಮಾತ್ರವಲ್ಲ, ಹಿಂದಿನಿಂದ ಗುದ್ದುವ ಯಾವುದೇ ವಾಹನಕ್ಕೆ ಮೊದಲು ಸಿಗುವುದು ಅದೇ.

ಕಬ್ಬಿನ ಕೆಲಸ ಮುಗಿದ ಮೇಲೆ ಟ್ರೇಲರಿನ ಹಿಂದಿನ ಹಲಗೆಯನ್ನು ಕೆಳಕ್ಕೆ ಬಿಟ್ಟು, ಎರಡು ಸರಪಳಿಗಳ ಆಧಾರದಲ್ಲಿ ಅಡ್ಡ ನಿಲ್ಲಿಸಿ ಅದರ ಮೇಲೆ ಜನ ಕೂರುವುದುಂಟು. ಹಲಗೆಯೊಂದಿಗೆ ಸರಪಳಿ 30 ಡಿಗ್ರಿ ಕೋನ ಮಾಡಿದ್ದರೆ, ಅಂಚಿನಲ್ಲಿ 60 ಕಿಲೋ ಮನುಷ್ಯ ಕೂತಾಗ ಒಂದೊಂದು ಸರಪಳಿಯೂ 60 ಕಿಲೋ ಎಳೆತವನ್ನು ತಾಳಬೇಕು, 30 ಅಲ್ಲ. ಸೈನ್ 30 ಅರ್ಧ ಎಂದು ನೀವು ಓದಿದ್ದೀರಲ್ಲ, ಅದರ ಫಲ.

ಬಾಗಿಲು ಗಟ್ಟಿಯಾಗಿದ್ದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಮುಂದಿನ, ಹಿಂದಿನ ಅಚ್ಚುಗಳ ನಡುವೆ 3 ಮೀಟರು ಅಂತರವಿರುವ ವ್ಯಾನಿನಲ್ಲಿ ಹಿಂದಿನ ಅಚ್ಚಿನಿಂದಾಚೆ 1 ಮೀಟರಿಗೆ ನಮ್ಮ 60 ಕಿಲೋ ನೇತುಬಿದ್ದರೆ ಹಿಂದಿನ ಅಚ್ಚಿನ ಮೇಲೆ 80 ಕಿಲೋ ಹೆಚ್ಚುತ್ತದೆ, ಮುಂದಿನ ಅಚ್ಚಿನ ಮೇಲೆ 20 ಕಿಲೋ ಕಡಿಮೆಯಾಗುತ್ತದೆ. ಅಷ್ಟರಮಟ್ಟಿಗೆ ಸ್ಟೇರಿಂಗ್ ಹಗುರ. ಏಣಿಯೋ ಸೈಕಲ್ಲೋ ಹಿಂದಿನ ಕೆಂಪು ದೀಪವನ್ನೂ ನಂಬರ್ ಫಲಕವನ್ನೂ ಮರೆಮಾಡಿದರೆ ರಾತ್ರಿಯ ಅಪಾಯ ಬೇರೆ. ವಾಹನವನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆ ಹಾಕಿದೆ ಎಂಬುದೂ ತಿಳಿದಿರಲಿ.

ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಇಂಥ ವಾಹನವಿದ್ದರೆ ಹೊರಡುವ ಮುನ್ನ ಬಾಗಿಲನ್ನು ಅರ್ಧ ತೆರೆದು ತುದಿಯನ್ನು ಕೈಯಿಂದ ಮೇಲಕ್ಕೆ ಎತ್ತಿ ನೋಡಿ. ಅದು ಮೇಲೆ ಕೆಳಗೆ ಆಡಿದರೆ ಬಿಜಾಗರಿ ಸವೆದಿದೆ. ಮುಚ್ಚುವಾಗ ಕೆಳ ಅಂಚು ಉಜ್ಜಿದರೆ ಬಾಗಿಲು ಜಗ್ಗಿದೆ. ಬಿಜಾಗರಿಯ ಸುತ್ತ, ಬೋಲ್ಟಿನ ಸುತ್ತ ಒದ್ದೆ ಬಟ್ಟೆಯಿಂದ ಧೂಳು ಒರೆಸಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆಯೋ, ತುಕ್ಕಿನ ಸಣ್ಣ ಕೆಂಪು ಎಳೆಯೋ ಕಂಡರೆ ಬಿರುಕು ಆಗಲೇ ಹೊರಟಿದೆ ಎಂದು ಅನುಮಾನಿಸಬೇಕು. ಅದರ ಮೇಲೆ ಬಣ್ಣ ಬಳಿಸುವವರಿದ್ದಾರೆ. ಬೇಕಾದದ್ದು ಬಣ್ಣವಲ್ಲ, ಭಾರ ಇಳಿಸಿ ಮಿಸ್ತ್ರಿಗೆ ತೋರಿಸುವುದು.

ಶಾಲೆಯ ಪ್ರಯೋಗಶಾಲೆಯಲ್ಲಿ ಇದನ್ನು ನೀವೇ ಅಳೆಯಬಹುದು. ಒಂದು ಹಲಗೆಯನ್ನು ಬಾಗಿಲಿನಂತೆ ನಿಲ್ಲಿಸಿ, ಕೆಳಮೂಲೆಯನ್ನು ಮೊಳೆಯೊಂದರ ಮೇಲೆ ತಿರುಗುವಂತೆ ಕೂರಿಸಿ. ಮೇಲಿನ ಬಿಜಾಗರಿಯ ಜಾಗದಲ್ಲಿ ಸ್ಪ್ರಿಂಗ್ ತಕ್ಕಡಿಯನ್ನು ಅಡ್ಡಲಾಗಿ ಕಟ್ಟಿ. ಹಲಗೆಯದೇ ತೂಕಕ್ಕೆ ತಕ್ಕಡಿ ಎಷ್ಟು ತೋರಿಸುತ್ತದೆಂದು ಮೊದಲು ಬರೆದುಕೊಂಡು ಅದನ್ನು ಕಳೆಯಿರಿ. ಈಗ ಅರ್ಧ ಕಿಲೋ ತೂಕವನ್ನು ಬಿಜಾಗರಿಯ ಗೆರೆಯಿಂದ 10, 20, 30 ಸೆಂಟಿಮೀಟರು ದೂರದಲ್ಲಿ ನೇತುಹಾಕಿ ಮುಳ್ಳು ತೋರಿಸುವುದನ್ನು ಗುರುತು ಮಾಡಿ. ಆಮೇಲೆ ತಕ್ಕಡಿಯನ್ನು ಮೊಳೆಯಿಂದ ಮೊದಲಿಗಿಂತ ಅರ್ಧ ಎತ್ತರಕ್ಕೆ ಇಳಿಸಿ ಕಟ್ಟಿ ಇದನ್ನೇ ಮತ್ತೆ ಮಾಡಿ. ಎರಡೂ ಸಾಲುಗಳನ್ನು ಗ್ರಾಫ್ ಹಾಳೆಯ ಮೇಲೆ ಎಳೆದಾಗ ಒಂದು ಗೆರೆ ಇನ್ನೊಂದಕ್ಕಿಂತ ಎಷ್ಟು ಪಟ್ಟು ಕಡಿದಾಗಿ ಏರುತ್ತದೆ ನೋಡಿ.