ಗ್ಯಾಸ್ ಪೈಪು, ಹೊಳೆಯ ನೀರು ಮತ್ತು ಒಪ್ಪಿಗೆಯ ಕಾಗದ



ಹೊಳಗುಂದದ ಹತ್ತಿರ ಕಾಲುವೆಯ ಏರಿಯ ಮೇಲೆ ಒಮ್ಮೆ ಊರಿನ ಹಿರಿಯರೊಬ್ಬರ ಜೊತೆ ಮಾತಾಡುತ್ತ ಕೂತಿದ್ದೆ. ಕಾಲುವೆಗೆ ನೀರು ಬಿಟ್ಟ ಸುದ್ದಿ ಆ ದಿನದ ಪತ್ರಿಕೆಯಲ್ಲಿತ್ತು. ಡ್ಯಾಮಿನಲ್ಲಿ ಎಷ್ಟು ಟಿ.ಎಂ.ಸಿ., ಒಳಹರಿವು ಎಷ್ಟು, ಕಾಲುವೆಗೆ ಎಷ್ಟು ಕ್ಯೂಸೆಕ್ಸ್, ಎಲ್ಲಾ ಓದಿ ಹೇಳಿದೆ. ಅವರು ಪೂರಾ ಕೇಳಿಸಿಕೊಂಡು, "ಎಷ್ಟು ನೀರು ಬರ್ತದಂತ ದಿನಾ ಹಾಕ್ತಾರ ಸಾರ್, ಎಂಥಾ ನೀರು ಬರ್ತದಂತ ಯಾಕ ಹಾಕಂಗಿಲ್ಲ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿನ ಮಾತು ಆ ಪ್ರಶ್ನೆಯಿಂದ ಹುಟ್ಟಿದ್ದು.

ನಮ್ಮ ಸೀಮೆಯ ಸಂಗತಿ ನಿಮಗೆ ನಾನು ಹೇಳಬೇಕಾಗಿಲ್ಲ. ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ಆ ದಿನ ಗೆರೆ ಬಿತ್ತು. ಬಳ್ಳಾರಿ ಮೈಸೂರಿಗೆ ಹೋಯಿತು, ನಾವು ಆಂಧ್ರಕ್ಕೆ ಬಂದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಹೊಳೆಗೆ ಮಾತ್ರ ಗೆರೆಯ ಸುದ್ದಿ ತಿಳಿಯಲಿಲ್ಲ. ಹೊಸಪೇಟೆಯ ಅಣೆಕಟ್ಟಿನಿಂದ ಹೊರಟ ಕೆಳಮಟ್ಟದ ಕಾಲುವೆ, ನಾವು ಎಲ್.ಎಲ್.ಸಿ. ಅನ್ನುವುದು, ಸುಮಾರು 250 ಕಿಲೋಮೀಟರ್ ಕರ್ನಾಟಕದಲ್ಲೇ ಹರಿದು ಆಮೇಲೆ ನಮ್ಮ ಜಿಲ್ಲೆಗೆ ಬರುತ್ತದೆ. ಹೊಲಕ್ಕೂ ಅದೇ ನೀರು, ಎಷ್ಟೋ ಊರುಗಳ ಕೊಡಕ್ಕೂ ಅದೇ. ಮಂತ್ರಾಲಯದಲ್ಲಿ ಸ್ನಾನ ಮಾಡುವವರಿಗೂ ಮೇಲಿನಿಂದ ಬಂದ ನೀರೇ.

ನೀರು ಎಷ್ಟು ಬರಬೇಕು ಅನ್ನುವುದಕ್ಕೆ ಲೆಕ್ಕವಿದೆ, ಲೆಕ್ಕ ನೋಡುವವರೂ ಇದ್ದಾರೆ. ಆಂಧ್ರ ರಾಜ್ಯ ಕಾಯಿದೆಯ ಬಲದ ಮೇಲೆ ತುಂಗಭದ್ರಾ ಮಂಡಳಿ ಆಯಿತು. ಈ ಕಾಲುವೆಯಲ್ಲಿ ಆಂಧ್ರದ ಪಾಲು 24 ಟಿ.ಎಂ.ಸಿ. ಎಂದು ಬರೆದಿಟ್ಟರು. ಅಷ್ಟೂ ಬರುತ್ತದೆಯೆ ಅನ್ನುವುದು ಬೇರೆ ಜಗಳ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಗೆರೆಯ ಎರಡೂ ಕಡೆ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಎಷ್ಟು ಎಂಬುದಕ್ಕೆ ಹೀಗೆ ಮಂಡಳಿ ಇದೆ, ಟ್ರಿಬ್ಯುನಲ್ ಇದೆ, ಜಗಳವೂ ಇದೆ. ಎಂಥಾದ್ದು ಎಂಬುದಕ್ಕೆ ಎರಡು ರಾಜ್ಯ ಕೂಡಿ ಮಾಡಿಕೊಂಡ ಮಂಡಳಿ ಇಲ್ಲ.

ಈಗ ಗ್ಯಾಸ್ ಪೈಪಿನ ಮಾತಿಗೆ ಬರುತ್ತೇನೆ. ನಮ್ಮ ಕಡೆ ಗ್ಯಾಸ್ ಪೈಪು ಎಲ್ಲಿದೆ ಅನ್ನುತ್ತೀರಿ. ಮಹಾರಾಷ್ಟ್ರದ ಸಮುದ್ರ ತೀರದ ದಾಭೋಳದಿಂದ ಬೆಳಗಾವಿ, ಧಾರವಾಡದ ಮೇಲೆ ಬೆಂಗಳೂರಿಗೆ ನೈಸರ್ಗಿಕ ಅನಿಲದ ದೊಡ್ಡ ಪೈಪೊಂದನ್ನು ಗೇಲ್ ಸಂಸ್ಥೆ ಹಾಕಿತು. 2013ರಲ್ಲಿ ಅದರಲ್ಲಿ ಗ್ಯಾಸು ಹರಿಯಿತು. ನಕಾಶೆ ತೆರೆದು ನೋಡಿ. ಧಾರವಾಡದಿಂದ ಬೆಂಗಳೂರಿಗೆ ಹೋಗುವ ಯಾವುದೇ ದಾರಿ ತುಂಗಭದ್ರೆಯನ್ನು ದಾಟಲೇಬೇಕು. ದಾಟುವುದು ಡ್ಯಾಮಿನಿಂದ ಮೇಲೆ. ಡ್ಯಾಮಿನಿಂದ ಮೇಲೆ ಹೊಳೆಗೆ ಆದದ್ದು ಕಾಲುವೆಗೂ ಬರುತ್ತದೆ.

ಗ್ಯಾಸ್ ಪೈಪು ಅಂದ ಕೂಡಲೇ ಆಂಧ್ರದವರಿಗೆ ನೆನಪಾಗುವುದು ಬೆಂಕಿ. 2014ರ ಜೂನ್ 27ರ ಬೆಳಗಿನ ಜಾವ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಊರಿನಲ್ಲಿ ಪೈಪು ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಅದು ಮರೆಯುವಂಥದ್ದಲ್ಲ. ಆದರೆ ಇವತ್ತು ನಾನು ಹೇಳುವುದು ಬೆಂಕಿಯ ಮಾತಲ್ಲ, ನೀರಿನ ಮಾತು. ಒಂದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಪೈಪು ನೆಲದೊಳಗೆ ಸರಿಯಾಗಿ ಕೂತ ಮೇಲೆ ಅದರಿಂದ ಹೊಳೆಗೆ ದಿನನಿತ್ಯದ ಕೇಡು ಇಲ್ಲ. ಕಾರ್ಖಾನೆಯ ಹಾಗೆ ಅದು ದಿನಾ ಕೊಳಚೆ ಬಿಡುವುದಿಲ್ಲ. ಕಲ್ಲಿದ್ದಲು ಸುಡುವುದಕ್ಕಿಂತ ಗ್ಯಾಸಿನ ಹೊಗೆ ಕಡಿಮೆ. ಕೇಡು ಆಗುವುದಿದ್ದರೆ ಹೆಚ್ಚಾಗಿ ಪೈಪು ಹಾಕುವ ದಿನಗಳಲ್ಲಿ.

ಹೊಳೆ ದಾಟಿಸಲು ಎರಡು ದಾರಿ. ಒಂದು, ಬೇಸಿಗೆಯಲ್ಲಿ ನೀರು ತಗ್ಗಿದಾಗ ಹೊಳೆಯ ಪಾತ್ರವನ್ನೇ ಅಗೆದು, ಪೈಪು ಇಟ್ಟು, ಮುಚ್ಚುವುದು. ಆಗ ಕೆಸರು ಎದ್ದು ಕೆಳಗೆ ಹರಿಯುತ್ತದೆ. ಇನ್ನೊಂದು, ಈ ದಂಡೆಯಿಂದ ಆ ದಂಡೆಗೆ ಹೊಳೆಯ ತಳದ ಕೆಳಗೆ ಓರೆಯಾಗಿ ಬೋರು ಕೊರೆದು ಪೈಪು ಎಳೆಯುವುದು. ಕೊರೆಯುವಾಗ ಬೆಂಟೊನೈಟ್ ಎಂಬ ನುಣ್ಣನೆಯ ಜೇಡಿಮಣ್ಣನ್ನು ನೀರಿನಲ್ಲಿ ಕಲಸಿ ಒತ್ತಡದಿಂದ ಬಿಡುತ್ತಾರೆ. ನಮ್ಮ ಬೋರ್‌ವೆಲ್ ಹುಡುಗರಿಗೆ ಇದು ಗೊತ್ತು. ಬಂಡೆಯಲ್ಲಿ ಬಿರುಕು ಇದ್ದರೆ ಆ ರಾಡಿ ಬಿರುಕು ಹಿಡಿದು ಮೇಲೆ ಬಂದು ಹೊಳೆಗೆ ಸೇರುತ್ತದೆ. ಅದು ವಿಷವಲ್ಲ, ಆದರೆ ತಳದ ಮೇಲೆ ಕೂತು ಮೀನಿನ ಮೊಟ್ಟೆಯನ್ನು ಮುಚ್ಚಿಬಿಡುತ್ತದೆ. ಕೊರೆಯುವ ಕೆಲಸ ಹಗುರವೂ ಅಲ್ಲ. ಕಾಸರಗೋಡಿನ ಕನ್ನಡಿಗರನ್ನು ಕೇಳಿ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಪೈಪು ಹಾಕುವಾಗ ಕಡೆಗೆ ಉಳಿದು ಕಾಡಿದ್ದು ಅವರ ಚಂದ್ರಗಿರಿ ಹೊಳೆ ದಾಟುವ ತುಣುಕು. ಅದು ಮುಗಿದ ಮೇಲೆಯೇ 2021ರ ಜನವರಿ 5ರಂದು ಉದ್ಘಾಟನೆ ಆದದ್ದು.

ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಇನ್ನೊಂದಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸೈಕಲ್ ಟ್ಯೂಬಿನ ತೂತು ನೋಡಲು ಗಾಳಿ ತುಂಬಿ ನೀರಿನಲ್ಲಿ ಅದ್ದುತ್ತೀರಲ್ಲ, ಇಲ್ಲಿ ಅದು ತಿರುಗಾಮುರುಗ. ಗ್ಯಾಸು ಬಿಡುವ ಮೊದಲು ಪೈಪಿನ ತುಂಬ ನೀರು ತುಂಬಿ, ಭಾರಿ ಒತ್ತಡ ಕೊಟ್ಟು, ಬೆಸುಗೆ ಗಟ್ಟಿಯೋ ಇಲ್ಲವೋ ನೋಡುತ್ತಾರೆ. ಲೆಕ್ಕ ಹಾಕಿ. ಎರಡಡಿ ಅಗಲದ ಪೈಪು, 10 ಕಿಲೋಮೀಟರ್ ಉದ್ದ; ಅದರಲ್ಲಿ ಹಿಡಿಯುವ ನೀರು ಸುಮಾರು 29 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲಾರಿಯಲ್ಲಿ 290 ಲಾರಿ. ಆ ನೀರನ್ನು ಎಲ್ಲಿಂದ ಎತ್ತುತ್ತಾರೆ? ಹತ್ತಿರದ ಹೊಳೆ, ಕೆರೆಯಿಂದ. ಪರೀಕ್ಷೆ ಮುಗಿದ ಮೇಲೆ ಎಲ್ಲಿಗೆ ಬಿಡುತ್ತಾರೆ? ಅದೇ ಹೊಳೆ, ಹಳ್ಳಕ್ಕೆ. ಹೋಗುವಾಗ ತಿಳಿಯಾಗಿದ್ದ ನೀರು ಬರುವಾಗ ತುಕ್ಕು, ಬೆಸುಗೆಯ ಕಿಟ್ಟ, ಎಣ್ಣೆಯ ಅಂಶ ಹೊತ್ತು ಬರುತ್ತದೆ. ಬಹಳ ದಿನ ಪೈಪಿನಲ್ಲಿ ನಿಲ್ಲಿಸಬೇಕಾದರೆ ತುಕ್ಕು ಹಿಡಿಯದ ಹಾಗೆ, ಸೂಕ್ಷ್ಮಜೀವಿ ಬೆಳೆಯದ ಹಾಗೆ ಔಷಧಿಯನ್ನೂ ಹಾಕುತ್ತಾರೆ. ಹೊಂಡದಲ್ಲಿ ನಿಲ್ಲಿಸಿ, ಸೋಸಿ, ಪರೀಕ್ಷೆ ಮಾಡಿಸಿ, ನಿಧಾನವಾಗಿ ಬಿಟ್ಟರೆ ತೊಂದರೆ ಇಲ್ಲ. ಏಪ್ರಿಲ್ ತಿಂಗಳಲ್ಲಿ ಒಣಗಿದ ಹಳ್ಳಕ್ಕೆ ಒಂದೇ ರಾತ್ರಿಯಲ್ಲಿ ಬಿಟ್ಟರೆ ಆ ಹಳ್ಳದ ಮಡುವಿನಲ್ಲಿ ನೀರು ಕುಡಿಯುವ ದನಗಳ ಗತಿ ಏನು?

ಇಲ್ಲಿಯೇ ಒಪ್ಪಿಗೆಯ ಕಾಗದ ಬರುವುದು.

ಜಲಮಾಲಿನ್ಯ ತಡೆಯುವ ಕಾಯಿದೆ ನಮ್ಮಲ್ಲಿ 1974ರಲ್ಲಿ ಆಯಿತು. ಅದರ 25ನೇ ಕಲಮು ಹೇಳುವುದು ಇಷ್ಟು: ಹೊಳೆಗೆ, ಬಾವಿಗೆ, ಚರಂಡಿಗೆ ಅಥವಾ ಭೂಮಿಯ ಮೇಲೆ ಉದ್ಯಮದ ಕೊಳಚೆ ನೀರನ್ನು ಬಿಡುವವರು ಮೊದಲು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕು. ಮಂಡಳಿ ಷರತ್ತು ಹಾಕಬಹುದು, ಬೇಡ ಎನ್ನಲೂಬಹುದು. ನಾಲ್ಕು ತಿಂಗಳು ಸುಮ್ಮನೆ ಕೂತರೆ ಮಾತ್ರ ಒಪ್ಪಿಗೆ ಕೊಟ್ಟ ಹಾಗೆಯೇ ಲೆಕ್ಕ. ಇನ್ನು ಪರಿಸರ ಅನುಮತಿ ಎಂಬುದು ಬೇರೆ, ಅದು ದೆಹಲಿಯ ಕಾಗದ. 2006ರ ಅಧಿಸೂಚನೆಯ ಪ್ರಕಾರ ಇಂಥ ಪೈಪಿಗೆ ಆ ಅನುಮತಿ ಬೇಕಾಗುವುದು ಅದು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹವಳದ ದಿಬ್ಬದಂಥ ಸೂಕ್ಷ್ಮ ಜಾಗದಲ್ಲಿ ಹಾದುಹೋದರೆ. ಹೊಲ, ಹಳ್ಳ, ಹೊಳೆ ಮಾತ್ರ ದಾಟಿದರೆ ಬೇಕಿಲ್ಲ. ಅದು ಬೇಡವಾದಾಗ ಊರಲ್ಲಿ ಶಾಮಿಯಾನ ಹಾಕಿ ಜನರ ಅಹವಾಲು ಕೇಳುವ ಸಭೆಯೂ ಬೇಡವಾಗುತ್ತದೆ. ಹೊಲದವನಿಗೆ ಮಾತ್ರ 1962ರ ಪೈಪ್‌ಲೈನ್ ಕಾಯಿದೆಯಲ್ಲಿ ತಕರಾರು ಹೇಳಲು 21 ದಿನ ಇದೆ. ಅದು ಭೂಮಿಯ ಬಗ್ಗೆ. ನೀರು ಕುಡಿಯುವವನಿಗೆ ಅಂಥ ದಿನ ಯಾವುದೂ ಇಲ್ಲ.

ಅಮೆರಿಕದಲ್ಲಿ ಹೇಗೆ ಎಂದು ಸ್ವಲ್ಪ ನೋಡೋಣ. ಅಲ್ಲಿ 1972ರ ಶುದ್ಧ ಜಲ ಕಾಯಿದೆಯ 401ನೇ ಕಲಮಿನಂತೆ, ಕೇಂದ್ರದ ಪರವಾನಗಿ ಬೇಕಾದ ಯೋಜನೆ ರಾಜ್ಯವೊಂದರ ಹೊಳೆಗೆ ಏನನ್ನಾದರೂ ಬಿಡುವುದಾದರೆ ಆ ರಾಜ್ಯ ನೀರಿನ ಗುಣದ ಬಗ್ಗೆ ಸರ್ಟಿಫಿಕೇಟ್ ಕೊಡಬೇಕು. ಕೊಡದಿದ್ದರೆ ಕೇಂದ್ರ ಹೂಂ ಅಂದರೂ ಕೆಲಸ ನಡೆಯದು. ಪೆನ್ಸಿಲ್ವೇನಿಯಾದಿಂದ ನ್ಯೂಯಾರ್ಕ್ ರಾಜ್ಯಕ್ಕೆ ಕಾನ್‌ಸ್ಟಿಟ್ಯೂಷನ್ ಎಂಬ ಹೆಸರಿನ, ಸುಮಾರು 200 ಕಿಲೋಮೀಟರಿನ ಗ್ಯಾಸ್ ಪೈಪಿಗೆ 2014ರಲ್ಲಿ ಕೇಂದ್ರದ ಆಯೋಗ ಒಪ್ಪಿತ್ತು. ಅದು ನೂರಾರು ಹಳ್ಳ ಹೊಳೆ ದಾಟಬೇಕಿತ್ತು. 2016ರ ಏಪ್ರಿಲ್ 22ರಂದು ನ್ಯೂಯಾರ್ಕ್ ರಾಜ್ಯ ಸರ್ಟಿಫಿಕೇಟ್ ನಿರಾಕರಿಸಿತು. ಕಂಪನಿ ಕೋರ್ಟಿಗೆ ಹೋಯಿತು. 2017ರಲ್ಲಿ ಕೋರ್ಟು ರಾಜ್ಯದ ಮಾತನ್ನು ಎತ್ತಿಹಿಡಿಯಿತು. ಅಲ್ಲಿಯೂ ಗಡುವು ಇದೆ, ಒಂದು ವರ್ಷ. ಆ ಗಡುವು ಮೀರಿತ್ತೆಂದು 2019ರಲ್ಲಿ ಆಯೋಗ ಹೇಳಿತು. ಅಷ್ಟರಲ್ಲಿ ಕಂಪನಿಗೇ ಸಾಕಾಗಿ 2020ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಹಾಗೆಂದು ಆ ರಾಜ್ಯ ಯಾವಾಗಲೂ ನೀರಿನ ಪರವೇ ನಿಲ್ಲುತ್ತದೆ ಎಂದು ತಿಳಿಯಬೇಡಿ. 2019ರಲ್ಲೂ 2020ರಲ್ಲೂ ಬೇಡವೆಂದಿದ್ದ ಬೇರೊಂದು ಗ್ಯಾಸ್ ಪೈಪಿಗೆ ಅದೇ ನ್ಯೂಯಾರ್ಕ್ 2025ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಕಾಲ ಬದಲಾದರೆ ಕಾಗದದ ಮೇಲಿನ ಉತ್ತರವೂ ಬದಲಾಗುತ್ತದೆ, ಅಲ್ಲಿಯೂ ಅಷ್ಟೇ.

ನನ್ನ ಮನಸ್ಸಿನಲ್ಲಿ ನಿಂತದ್ದು ಈ ಜಗಳವಲ್ಲ, ಅದೇ ಕಲಮಿನಲ್ಲಿರುವ ಒಂದು ಸಣ್ಣ ಮಾತು. ಮೇಲಿನ ರಾಜ್ಯದ ಯೋಜನೆಯಿಂದ ಕೆಳಗಿನ ರಾಜ್ಯದ ನೀರು ಕೆಡಬಹುದು ಎಂದು ಕಂಡರೆ ಕೆಳಗಿನ ರಾಜ್ಯಕ್ಕೆ ನೋಟೀಸು ಕೊಡಬೇಕು. ಅದಕ್ಕೆ ತಕರಾರು ಹೇಳಲು 60 ದಿನ ಇರುತ್ತದೆ, ವಿಚಾರಣೆ ಕೇಳುವ ಹಕ್ಕೂ ಇರುತ್ತದೆ. ನಮ್ಮ 25ನೇ ಕಲಮಿನಲ್ಲಿ ಇಂಥ ಮಾತಿಲ್ಲ. ದಾವಣಗೆರೆಯಲ್ಲೋ ಗದಗಿನಲ್ಲೋ ಹೊಳೆಗೆ ನೀರು ಬಿಡಲು ಕರ್ನಾಟಕದ ಮಂಡಳಿ ಒಪ್ಪಿದರೆ ಕರ್ನೂಲಿಗೆ ಒಂದು ಕಾರ್ಡು ಕೂಡ ಬರಬೇಕಾಗಿಲ್ಲ. ಹಾಗೆಯೇ ನಮ್ಮ ಮಂಡಳಿ ಕೊಟ್ಟ ಒಪ್ಪಿಗೆಯ ಸುದ್ದಿ ನಮ್ಮ ಕೆಳಗಿರುವ ತೆಲಂಗಾಣದವರಿಗೂ ಹೋಗಬೇಕಾಗಿಲ್ಲ. ಇದನ್ನು ಕರ್ನಾಟಕದವರ ಮೇಲಿನ ದೂರು ಎಂದು ಯಾರೂ ತಿಳಿಯಬಾರದು. 1980ರ ದಶಕದಲ್ಲಿ ಹರಿಹರದ ಕಡೆ ಕಾರ್ಖಾನೆಯ ನೀರಿನಿಂದ ತುಂಗಭದ್ರೆಯ ಮೀನು ಸತ್ತಾಗ ಎದ್ದು ನಿಂತವರು, ಕೋರ್ಟಿಗೆ ಹೋದವರು ಆ ದಂಡೆಯ ಕನ್ನಡದ ಹಳ್ಳಿಗಳವರು, ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು. ಅವರು ಹೋರಾಡಿದ ನೀರನ್ನೇ ನಾವು ಕುಡಿದದ್ದು.

ಕಾಯಿದೆಯಲ್ಲಿ ನಮಗೆ ಏನೂ ಇಲ್ಲವೆ? ಇದೆ, ಬಳಸಿದವರು ಕಡಿಮೆ. ಅಕ್ಕಪಕ್ಕದ ರಾಜ್ಯಗಳು ಒಪ್ಪಂದ ಮಾಡಿಕೊಂಡು ಜಂಟಿ ಮಂಡಳಿ ಮಾಡಿಕೊಳ್ಳಬಹುದೆಂದು 13ನೇ ಕಲಮು ಹೇಳುತ್ತದೆ. ರಾಜ್ಯ ಮಂಡಳಿಗಳ ನಡುವಿನ ತಕರಾರನ್ನು ಬಗೆಹರಿಸುವುದು ಕೇಂದ್ರ ಮಂಡಳಿಯ ಕೆಲಸ ಎಂದು 16ನೇ ಕಲಮಿನಲ್ಲಿದೆ. ಇವು ಸರ್ಕಾರಗಳ ಕೆಲಸ, ನಾವು ಕಾಯಬೇಕು. ಕಾಯದೆ ಮಾಡಬಹುದಾದದ್ದು 25ನೇ ಕಲಮಿನ ಆರನೆಯ ಉಪಕಲಮಿನಲ್ಲಿದೆ. ಒಪ್ಪಿಗೆಗೆ ಹಾಕಿದ ಷರತ್ತುಗಳನ್ನೆಲ್ಲ ಮಂಡಳಿ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಆ ನೀರಿನಿಂದ ಬಾಧೆಪಡುವ ಯಾರಾದರೂ ಹೋಗಿ ಅದನ್ನು ನೋಡಬಹುದು. ಬಾಧೆಪಡುವವನು ಅದೇ ರಾಜ್ಯದವನಾಗಿರಬೇಕು ಎಂದು ಅಲ್ಲಿ ಬರೆದಿಲ್ಲ. ಬಳ್ಳಾರಿಯ ಪ್ರಾದೇಶಿಕ ಕಚೇರಿಗೆ ಹೊಳಗುಂದದವರು ಹೋಗಿ ಕೇಳಬಹುದು. ಹೋಗಲಾಗದವರು 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು. ಷರತ್ತು ಮುರಿದದ್ದು ಕಂಡರೆ ಚೆನ್ನೈಯಲ್ಲಿ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ಆಂಧ್ರ, ಕರ್ನಾಟಕ ಎರಡೂ ಅದರ ವ್ಯಾಪ್ತಿಯಲ್ಲೇ ಬರುವುದರಿಂದ ಗಡಿಯ ತಕರಾರಿಗೆ ಅದು ಅನುಕೂಲ. ಸಂಗತಿ ನಡೆದ ಆರು ತಿಂಗಳೊಳಗೆ ಹೋಗಬೇಕು ಎಂಬುದನ್ನು ಮರೆಯಬೇಡಿ.

ಈಚೆಗೆ ಒಂದು ಬದಲಾವಣೆ ಆಗಿದೆ. 2024ರ ತಿದ್ದುಪಡಿಯಂತೆ ಕೆಲವು ಬಗೆಯ ಉದ್ಯಮಗಳಿಗೆ ಈ ಒಪ್ಪಿಗೆಯೇ ಬೇಡವೆಂದು ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು. ಎಷ್ಟೋ ತಪ್ಪುಗಳಿಗೆ ಜೈಲಿನ ಬದಲು ದಂಡ ಬಂದಿದೆ, ಹತ್ತು ಸಾವಿರದಿಂದ ಹದಿನೈದು ಲಕ್ಷದವರೆಗೆ. ಮೊದಲು ಅದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಬಂತು. ಉಳಿದ ರಾಜ್ಯಗಳು ಶಾಸನಸಭೆಯಲ್ಲಿ ನಿರ್ಣಯ ಮಾಡಿ ಸೇರಬೇಕು. ಒಪ್ಪಿಗೆಯೇ ಇಲ್ಲದ ಕಡೆ ಷರತ್ತು ಇರುವುದಿಲ್ಲ, ಷರತ್ತು ಇಲ್ಲದ ಕಡೆ ರಿಜಿಸ್ಟರಿನಲ್ಲಿ ನೋಡಲು ಏನೂ ಇರುವುದಿಲ್ಲ. ನಿಮ್ಮ ಶಾಸಕರು ಓಟು ಕೇಳಲು ಬಂದಾಗ ಇದನ್ನೂ ಒಂದು ಮಾತು ಕೇಳಿ.

ಆ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಗಮನವಿಟ್ಟು ಕೇಳಿದರು. ಆಮೇಲೆ, "ಆ ರಿಜಿಸ್ಟರ್ ಯಾವ ಭಾಷೆಯಾಗ ಬರೆದಿರ್ತಾರ, ಕನ್ನಡನೋ ತೆಲುಗೋ?" ಎಂದರು. ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಎಂದೆ. ನಕ್ಕರು. "ಹಂಗಾದ್ರ ನಮ್ಮ ಮೊಮ್ಮಗಳನ್ನ ಕರ್ಕೊಂಡು ಹೋಗ್ಬೇಕು, ಆದವಾನ್ಯಾಗ ಡಿಗ್ರಿ ಓದ್ತಾಳ" ಎಂದರು. ಹೋಗುವವರು ಪೈಪಿನ ಪರೀಕ್ಷೆಯ ನೀರನ್ನು ಎಲ್ಲಿ, ಯಾವ ತಿಂಗಳು, ಎಷ್ಟು ಬಿಡಬೇಕೆಂದು ಬರೆದಿದೆಯೋ ಅದನ್ನೇ ಮೊದಲು ಹುಡುಕಿಸಿ ಓದಿಸಿ.